ಸಾಲಿನಲ್ಲಿ ನಿಂತ ಕೊಡಗಳು

ಟಿ. ನಗರ, ಮದರಾಸು
೧೮ ಜುಲೈ ೧೯೮೨

ಪ್ರೀತಿಯ ಬದರಿ ಮಾಮನಿಗೆ,

ನೀರಜಾಳ ನಮಸ್ಕಾರ. ಹೋದ ತಿಂಗಳ ನನ್ನ ಪತ್ರ ಎಂದಿನಂತೆ ನಿಮ್ಮ ಕೆಂಪು ಪೆನ್ಸಿಲಿನ ಸುತ್ತುಗಳನ್ನು ಹೊತ್ತುಕೊಂಡು ವಾಪಸು ಬಂತು. ಅಮ್ಮನ ವಯಸ್ಸನ್ನು ಎರಡು ವರ್ಷ ಕಡಿಮೆ ಬರೆದದ್ದು ನಿಜ. ಆದರೆ ಅದು ನಿಮ್ಮ ಅಕ್ಕ ತಾನೇ ಹೇಳಿದ ಲೆಕ್ಕ, ಜಗಳವಿದ್ದರೆ ಅವಳ ಹತ್ತಿರ ಮಾಡಿಕೊಳ್ಳಿ. ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನನಗೆ ಸರಾಸರಿ ಕಲಿಸಿದ ದಿನದಿಂದ ಇವತ್ತಿನವರೆಗೆ ನನ್ನ ಒಂದು ಪತ್ರವನ್ನಾದರೂ ನೀವು ತಿದ್ದದೆ ಬಿಟ್ಟದ್ದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಇದೇನು ಗತಿ ಅಂತ ನಮ್ಮ ಪೋಸ್ಟ್‌ಮ್ಯಾನ್ ಅಂದುಕೊಂಡಿರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷದ ಹುಡುಗಿಯರಿಗೆ ಸಂಖ್ಯಾಶಾಸ್ತ್ರ ನನ್ನ ಪಾಲಿಗೆ ಬಂದಿದೆ. ಪುಸ್ತಕದ ಲೆಕ್ಕವೆಲ್ಲ ಇಂಗ್ಲೆಂಡಿನ ಯಾವುದೋ ಹೊಲದ ಗೋಧಿಯದು. ಸರಾಸರಿ ಎಂದರೇನು ಎಂದು ಕೇಳಿದೆ. ಉಷಾ ಎಂಬ ಜಾಣೆ, ರೈಲ್ವೆಯವರ ಮಗಳು, ನಮ್ಮ ಕಡೆಯವಳೇ, ಎದ್ದು ನಿಂತು ಸೂತ್ರ ಒಪ್ಪಿಸಿದಳು. ಅದು ಯಾತಕ್ಕೆ ಬೇಕು ಎಂದೆ. "ಪರೀಕ್ಷೆಗೆ ಮ್ಯಾಡಮ್" ಎಂದಳು. ಇಡೀ ಕ್ಲಾಸು ತಲೆಯಾಡಿಸಿತು. ಅವತ್ತು ನನಗೆ ಊಟ ಸೇರಲಿಲ್ಲ.

ಇದೇ ಹುಡುಗಿಯರು ಎನ್.ಎಸ್.ಎಸ್. ಸೇವೆಗೆಂದು ಶನಿವಾರಗಳಂದು ಗಿಡ ನೆಡುತ್ತಾರೆ, ಅವು ಒಣಗಿದ ಮೇಲೆ ಮತ್ತೆ ಅದೇ ಗುಂಡಿಯಲ್ಲಿ ನೆಡುತ್ತಾರೆ. ಆ ಸೇವೆಯನ್ನೂ ನನ್ನ ಪಾಠವನ್ನೂ ಒಂದೇ ಗಂಟು ಹಾಕಿದರೆ ಹೇಗೆ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಕೀಲ್ಪಾಕ್ ಬಡಾವಣೆಯ ಹಿಂದೆ ಗುಡಿಸಲುಗಳ ಒಂದು ಚೇರಿ ಇದೆ. ಅಲ್ಲಿಯವರಿಗೆ ಬೀದಿ ನಲ್ಲಿಯೇ ಗತಿ. ನೀರು ಎಷ್ಟು ಬರುತ್ತದೆ, ಯಾರಿಗೆ ಸಿಗುತ್ತದೆ, ಯಾರಿಗಿಲ್ಲ ಎಂಬುದನ್ನು ನನ್ನ ಹುಡುಗಿಯರು ಅಳೆಯುತ್ತಾರೆ, ಅಳೆಯುತ್ತಲೇ ಪಾಠ ಕಲಿಯುತ್ತಾರೆ. ಕೊನೆಗೆ ವರದಿಯನ್ನು ನೀರಿನ ಇಲಾಖೆಗೆ ಕೊಡುತ್ತೇವೆ. ಒಂದು ವರ್ಷ ಮಾಡಿ ನೋಡಿ ಎಂದು ಒಪ್ಪಿಗೆ ಸಿಕ್ಕಿದೆ. ಮಾಮಾ, ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ನಿಮ್ಮ
ನೀರಜಾ

ಮಾಟುಂಗಾ, ಮುಂಬಯಿ
೨ ಆಗಸ್ಟ್ ೧೯೮೨

ಚಿ. ನೀರಜಾಗೆ,

ಆಶೀರ್ವಾದ ಮೊದಲು, ತಕರಾರು ಆಮೇಲೆ. ನಿನ್ನ ಪತ್ರ ಇದರ ಜೊತೆಗಿದೆ. ಈ ಸಲ ಸುತ್ತು ಹಾಕುವಂಥ ಲೆಕ್ಕವೇ ಅದರಲ್ಲಿ ಇರಲಿಲ್ಲ, ಆದ್ದರಿಂದ ಇಡೀ ಪತ್ರಕ್ಕೇ ಒಂದು ಸುತ್ತು ಹಾಕಿದ್ದೇನೆ.

ಸಂಖ್ಯಾಶಾಸ್ತ್ರ ಮೇಜಿನ ಮೇಲೆ ಮಾಡುವ ಕೆಲಸ ಮಗು. ಅಂಕಿಗಳನ್ನು ತಂದುಕೊಡುವವರು ಬೇರೆ, ಅವುಗಳನ್ನು ಮಾತಾಡಿಸುವವರು ಬೇರೆ. ಈ ವಿಮಾ ಆಫೀಸಿನಲ್ಲಿ ಮೂವತ್ತು ವರ್ಷದಿಂದ ಜನ ಯಾವ ವಯಸ್ಸಿನಲ್ಲಿ ಎಷ್ಟು ಸಾಯುತ್ತಾರೆಂದು ಕೋಷ್ಟಕ ಕಟ್ಟುತ್ತಿದ್ದೇನೆ. ಒಂದು ಹೆಣವನ್ನೂ ನೋಡಿದವನಲ್ಲ. ಹಾಗಿದ್ದೂ ನನ್ನ ಕೋಷ್ಟಕ ತಪ್ಪಿದ್ದಿಲ್ಲ. ನಮ್ಮ ವಿಭಾಗಕ್ಕೆ ಹೊಸದಾಗಿ ಬರುವ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ಅದಿರಲಿ. ನೀನು ಬರೆಯದ ಸಂಗತಿಯನ್ನು ನಿನ್ನಮ್ಮ ಜಯಕ್ಕ ಬರೆದಿದ್ದಾಳೆ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲವಂತೆ. ಈ ಪ್ರಯೋಗದಿಂದ ಹುಡುಗಿಯರ ಪರೀಕ್ಷೆ ಕೆಟ್ಟರೆ, ಅಥವಾ ವರದಿಯಿಂದ ಕಾಲೇಜಿಗೆ ನಾಚಿಕೆಯಾದರೆ, ಪಾಠವೂ ನಿಲ್ಲುತ್ತದೆ, ನೀನೂ ಹೊರಗೆ ಎಂದು ನಿಮ್ಮ ವಿಭಾಗದ ಮುಖ್ಯಸ್ಥರು ಸೀತಾರಾಮ್ ಸ್ಪಷ್ಟವಾಗಿ ಹೇಳಿದ್ದಾರಂತೆ. "ಒಂದು ವರ್ಷ ಮಾಡಿ ನೋಡಿ" ಎಂದು ನೀನು ಎಷ್ಟು ಹಗುರವಾಗಿ ಬರೆದೆ! ಈಗಲೂ ಕಾಲ ಮಿಂಚಿಲ್ಲ. ಗೋಧಿಯ ಲೆಕ್ಕಕ್ಕೆ ಮರಳು. ಗೋಧಿ ಯಾರ ಕೆಲಸವನ್ನೂ ಕಿತ್ತುಕೊಂಡದ್ದಿಲ್ಲ.

ನಿನ್ನ ಒಳ್ಳೆಯದನ್ನು ಬಯಸುವ
ಬದರಿನಾಥ

ಟಿ. ನಗರ, ಮದರಾಸು
೧೨ ಸೆಪ್ಟೆಂಬರ್ ೧೯೮೨

ಮಾಮಾ,

ನಮಸ್ಕಾರ. ಕೆಲಸದ ವಿಷಯ ಬೇಡ. ಅಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟದ್ದೇ ನನ್ನ ತಪ್ಪು.

ನಿಮಗೆ ವಾಸಂತಿಯ ಬಗ್ಗೆ ಹೇಳಬೇಕು. ಕ್ರೋಂಪೇಟೆಯಿಂದ ದಿನಾ ಎಲೆಕ್ಟ್ರಿಕ್ ಟ್ರೇನಿನಲ್ಲಿ ಬರುತ್ತಾಳೆ, ತಂದೆ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಎರಡು ತಿಂಗಳು ಕ್ಲಾಸಿನಲ್ಲಿ ಅವಳ ದನಿ ನಾನು ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಹೆದರಿಕೆ. ಹೋದ ಶನಿವಾರ ಗುಡಿಸಲುಗಳಿಗೆ ನಂಬರು ಕೊಟ್ಟು, ಚೀಟಿ ಎತ್ತಿ, ಯಾವ ಮನೆಗಳನ್ನು ಕೇಳಬೇಕೆಂದು ಆರಿಸಿದೆವು. ವಾಸಂತಿಯ ಚೀಟಿಗೆ ಬಂದ ಮನೆಗೆ ಬೀಗ. ಉಷಾ ಪಕ್ಕದ ಮನೆಯನ್ನು ಕೇಳಿದರಾಯಿತು ಎಂದಳು. ಅಷ್ಟರಲ್ಲಿ ವಾಸಂತಿ ತಮಿಳಿನಲ್ಲಿ ನನ್ನನ್ನು ಕೇಳಿದಳು: "ಮ್ಯಾಡಮ್, ಬೀಗ ಹಾಕಿಕೊಂಡು ಹೋದವರು ಕೆಲಸಕ್ಕೆ ಹೋದವರು. ಅವರನ್ನೆಲ್ಲ ಬಿಟ್ಟು ಮನೆಯಲ್ಲಿ ಇರುವವರನ್ನೇ ಕೇಳಿದರೆ, ಇಡೀ ಚೇರಿ ಮನೆಯಲ್ಲೇ ಕೂತಿದೆ ಅಂತ ಲೆಕ್ಕ ಬರೋದಿಲ್ಲವಾ?"

ಮಾಮಾ, ಇದನ್ನು ನನಗೆ ಎಂ.ಎಸ್ಸಿ.ಯಲ್ಲಿ ಒಂದು ಇಡೀ ಅಧ್ಯಾಯ ಓದಿಸಿದ್ದರು, ಅರ್ಥವಾಗಿರಲಿಲ್ಲ. ಆ ಹುಡುಗಿ ಬೀಗದ ಮುಂದೆ ನಿಂತು ಅದನ್ನು ತಾನೇ ಕಂಡುಕೊಂಡಳು. ಸಂಜೆ ಏಳಕ್ಕೆ ನಾವು ಮತ್ತೆ ಹೋದೆವು. ಬೀಗ ತೆಗೆದಿತ್ತು. ಕುಪ್ಪಮ್ಮಾಳ್ ಎಂಬ ಗಟ್ಟಿಗಿತ್ತಿ, ಕಟ್ಟಡದ ಕೆಲಸದಿಂದ ಆಗಷ್ಟೇ ಬಂದಿದ್ದಳು. ಸುಣ್ಣ ಮೆತ್ತಿದ ಕೈಯಲ್ಲೇ ನಮಗೆಲ್ಲ ಟೀ ಮಾಡಿಕೊಟ್ಟಳು. ಹಿಂತಿರುಗಿ ಬರುವಾಗ ಹೆಮ್ಮೆಯಿಂದ ನನಗೆ ಬಸ್ ಸ್ಟಾಪೇ ದಾಟಿಹೋಯಿತು.

ಇದರಲ್ಲಿ ಸುತ್ತು ಹಾಕಲು ಏನಾದರೂ ಸಿಕ್ಕರೆ ಹಾಕಿ ಕಳಿಸಿ.

ನೀರಜಾ

ಟಿ. ನಗರ, ಮದರಾಸು
೨೩ ಜನವರಿ ೧೯೮೩

ಬದರಿ ಮಾಮನಿಗೆ,

ಸೆಪ್ಟೆಂಬರಿನ ನನ್ನ ಪತ್ರ ವಾಪಸು ಬರಲಿಲ್ಲ. ದೀಪಾವಳಿಗೆ ಬರೆದದ್ದಕ್ಕೂ ಉತ್ತರವಿಲ್ಲ. ಅಮ್ಮನಿಗೆ ಮಾತ್ರ ಕಾರ್ಡು ಬರುತ್ತಿದೆ, ಆದ್ದರಿಂದ ಆರೋಗ್ಯ ಚೆನ್ನಾಗಿದೆ ಎಂದುಕೊಂಡಿದ್ದೇನೆ. ನನ್ನ ಮೇಲೆ ಕೋಪವಿದ್ದರೆ ಬೈದು ಬರೆಯಿರಿ. ಸುಮ್ಮನಿರುವ ಮಾಮ ನನಗೆ ಅಭ್ಯಾಸವಿಲ್ಲ.

ವರದಿಯ ಕರಡು ಕಳಿಸುತ್ತಿದ್ದೇನೆ. ಪೂರ್ತಿ ಹುಡುಗಿಯರೇ ಬರೆದದ್ದು. ಕೋಷ್ಟಕಗಳು ಉಷಾಳವು, ನಕ್ಷೆ ವಾಸಂತಿಯದು. ನಾಲ್ಕು ನಲ್ಲಿಗಳ ಮುಂದೆ ಬೆಳಿಗ್ಗೆ ಹೋಗಿ ಎಣಿಸಿದ್ದಾರೆ. ಒಂದೊಂದು ನಲ್ಲಿಗೆ ಸರಾಸರಿ ಅರವತ್ತು ಕುಟುಂಬಗಳು ಕಾಯುತ್ತವೆ! ಇದನ್ನು ನೋಡಿದರೆ ಇನ್ನೆರಡು ನಲ್ಲಿ ಕೊಡದೆ ಇರಲು ಯಾರಿಗೂ ಸಾಧ್ಯವಿಲ್ಲ. ಮಾರ್ಚ್ ಕೊನೆಯಲ್ಲಿ ಕಾಲೇಜಿನ ಸಮಿತಿಯ ಮುಂದೆ ಹುಡುಗಿಯರು ಇದನ್ನು ಒಪ್ಪಿಸಬೇಕು. ನೀರಿನ ಇಲಾಖೆಯ ಎಂಜಿನಿಯರೂ ಬರುತ್ತಾರೆ. ಈ ವರ್ಷ ಮಳೆ ಕೈಕೊಟ್ಟಿದೆ, ಊರಿಡೀ ನೀರಿನದೇ ಮಾತು. ನಮ್ಮ ಬೀದಿಯಲ್ಲೂ ಲಾರಿ ಬರುವುದಕ್ಕೆ ಮೊದಲೇ ಸಾಲು.

ಸೀತಾರಾಮ್ ಸರ್ ಕರಡನ್ನು ತಿರುವಿ ನೋಡಿ ಏನೂ ಅನ್ನಲಿಲ್ಲ. ಅವರ ಮಟ್ಟಿಗೆ ಅದು ಹೊಗಳಿಕೆ. ನೀವೂ ಒಮ್ಮೆ ನೋಡಿ.

ನೀರಜಾ

ಮಾಟುಂಗಾ, ಮುಂಬಯಿ
೫ ಫೆಬ್ರವರಿ ೧೯೮೩

ಚಿ. ನೀರಜಾ,

ಕೋಪವಿಲ್ಲ. ಆ ಮಾತು ಇನ್ನೊಮ್ಮೆ. ಈಗ ತುರ್ತು.

ಕರಡನ್ನು ಎರಡು ಸಲ ಓದಿದೆ. ಕೂಡುವುದು ಭಾಗಿಸುವುದು ಎಲ್ಲ ಸರಿ, ನಿನ್ನ ಉಷಾ ನಿನಗಿಂತ ವಾಸಿ. ಆದರೆ ಮೂರನೆಯ ಪುಟದಲ್ಲಿ ಚೇರಿಯ ಗುಡಿಸಲುಗಳು ಒಟ್ಟು ನೂರ ಅರವತ್ತು ಎಂದಿದೆ. ಏಳನೆಯ ಪುಟದಲ್ಲಿ ನಾಲ್ಕು ನಲ್ಲಿಗೆ ಅರವತ್ತರಂತೆ ಇನ್ನೂರ ನಲವತ್ತು ಕುಟುಂಬಗಳು ಸಾಲಿನಲ್ಲಿವೆ. ಉಳಿದ ಎಂಬತ್ತು ಕುಟುಂಬ ಎಲ್ಲಿಂದ ಬಂದು ನಿಂತವು?

ನಮ್ಮಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ಒಬ್ಬನ ಹೆಸರಿನಲ್ಲಿ ಮೂರು ಪಾಲಿಸಿ ಇರುತ್ತದೆ. ಅವನು ಸತ್ತರೆ ಮೂರು ಪಾಲಿಸಿ ಮುಗಿಯುತ್ತದೆ, ಮೂವರು ಸತ್ತರೆಂದು ಈ ಹುಡುಗರು ಬರೆಯುತ್ತಾರೆ. ಪಾಲಿಸಿಯನ್ನು ಎಣಿಸುತ್ತಿದ್ದೇವೆಯೋ ಮನುಷ್ಯನನ್ನೋ ಎಂದು ಕೇಳಿಕೊಳ್ಳದೆ ಎಣಿಸಿದರೆ ಹೀಗಾಗುತ್ತದೆ. ನಿನ್ನ ಹುಡುಗಿಯರು ನಲ್ಲಿಯ ಮುಂದೆ ನಿಂತು ಎಣಿಸಿದ್ದು ಏನನ್ನು?

ಎಂಜಿನಿಯರು ಆ ಎರಡು ಪುಟ ತಿರುವಿದರೆ ಸಾಕು, ಎಲ್ಲರ ಎದುರು ನಿಮ್ಮನ್ನು ನಗೆಪಾಟಲು ಮಾಡುತ್ತಾನೆ. ಸೀತಾರಾಮ್ ಕಾಯುತ್ತಿರುವುದೂ ಅದಕ್ಕೇ ಇರಬಹುದು. ನನ್ನ ಮಾತು ಕೇಳು. ಏಳನೆಯ ಪುಟವನ್ನು ಸದ್ದಿಲ್ಲದೆ ತೆಗೆದುಹಾಕು. ಉಳಿದದ್ದು ಅದಿಲ್ಲದೆಯೂ ನಿಲ್ಲುತ್ತದೆ. ಮೊದಲು ಕೆಲಸ ಉಳಿಸಿಕೋ.

ಬದರಿನಾಥ

ಟಿ. ನಗರ, ಮದರಾಸು
೨೭ ಫೆಬ್ರವರಿ ೧೯೮೩

ಮಾಮಾ,

ಕೊಡಗಳನ್ನು.

ನಿಮ್ಮ ಪತ್ರವನ್ನು ಕ್ಲಾಸಿನಲ್ಲಿ ಓದಿದೆ. ಮಾರನೆಯ ಬೆಳಿಗ್ಗೆ ಎಲ್ಲರೂ ನಲ್ಲಿಯ ಹತ್ತಿರ ಹೋದೆವು. ಸಾಲು ಇತ್ತು, ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಕೊಡಗಳು, ನಡುವೆ ಒಂದೆರಡು ಹಿತ್ತಾಳೆಯವು, ಬೀದಿಯ ತುದಿಯವರೆಗೆ ನಿಂತಿದ್ದವು. ಮದರಾಸಿನಲ್ಲಿ ಮನುಷ್ಯರು ಸಾಲಿನಲ್ಲಿ ನಿಲ್ಲುವುದಿಲ್ಲ, ಕೊಡ ಇಟ್ಟು ಹೋಗುತ್ತಾರೆ. ಕೊಡ ಇದ್ದರೆ ಅವರು ಇದ್ದ ಹಾಗೆ. ನೀರು ಬಂದ ಸದ್ದಿಗೆ ಓಡಿ ಬರುತ್ತಾರೆ. ಇದು ಈ ಊರಿನಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಗೊತ್ತು. ಎಷ್ಟು ಚೆನ್ನಾಗಿ ಗೊತ್ತೆಂದರೆ, ಕೊಡವನ್ನು ನೋಡಿದಾಗ ನಮ್ಮ ಕಣ್ಣಿಗೆ ಹೆಂಗಸೇ ಕಾಣುತ್ತಾಳೆ. ಮೂವತ್ತು ಹುಡುಗಿಯರೂ ನಾನೂ ಸೇರಿ ಕೊಡ ಎಣಿಸಿ ಕುಟುಂಬ ಎಂದು ಬರೆದೆವು. ಲಾರಿ ಬರುವ ದಿನ ನಮ್ಮ ಮನೆಯವೇ ಎರಡು ಕೊಡ ಟಿ. ನಗರದ ಸಾಲಿನಲ್ಲಿ ಇರುತ್ತವೆ. ನನಗೂ ಹೊಳೆಯಲಿಲ್ಲ. ಬೊಂಬಾಯಿಯಲ್ಲಿ ಕೂತ ನಿಮಗೆ ಹೊಳೆಯಿತು.

ಉಷಾ ಅತ್ತಳು. ಪುಟ ಹರಿದುಹಾಕೋಣ, ಯಾರಿಗೆ ಗೊತ್ತಾಗುತ್ತೆ ಎಂದಳು. ನೀವು ಹೇಳಿದ್ದೂ ಅದೇ. ನಾನು ಒಂದು ಕ್ಷಣ ಒಪ್ಪಿದ್ದೆ, ಸುಳ್ಳು ಯಾಕೆ. ಆಗ ವಾಸಂತಿ ಚಪ್ಪಲಿ ಬಿಟ್ಟು ಆ ಒದ್ದೆ ನೆಲದಲ್ಲಿ ಕೊಡಗಳ ನಡುವೆ ನಡೆದು ಹೋದಳು. ಮೊದಲನೆಯ ಕೊಡದ ಕತ್ತು ಹಿಡಿದು, ಇದು ಯಾರದು ಎಂದು ಕೂಗಿದಳು. ಒಂದು ಬಾಗಿಲು ತೆರೆಯಿತು. ಎರಡನೆಯದನ್ನು ಹಿಡಿದಳು. ಅದೇ ಬಾಗಿಲು. ಮೂರನೆಯದೂ ಅದೇ. ಕುಪ್ಪಮ್ಮಾಳ್ ಹೊಸ್ತಿಲಲ್ಲಿ ನಿಂತು ನಗುತ್ತಿದ್ದಳು. ಮೂರನೆಯದಕ್ಕೆ ತಳವೇ ಒಡೆದಿತ್ತು. ನಾದಿನಿ ಬರುವವರೆಗೆ ಅವಳ ಜಾಗ ಹಿಡಿಯಲು ಇಟ್ಟದ್ದಂತೆ.

ಎರಡು ವಾರ ನಾವು ಪ್ರತಿ ಕೊಡದ ಒಡತಿಯನ್ನೂ ಹುಡುಕಿದೆವು. ಮಾಮಾ, ಈಗ ಕಂಡದ್ದೇ ಬೇರೆ. ಕುಟುಂಬಗಳು ನಾವು ಹೇಳಿದಷ್ಟು ಇಲ್ಲ. ಆದರೆ ಒಂದೇ ಕೊಡ ಇರುವ ಮನೆಗಳು ಬಹಳ ಇವೆ: ಒಂಟಿ ಮುದುಕಿಯರು, ಹಸುಗೂಸಿನ ತಾಯಂದಿರು, ಹೊರುವವರಿಲ್ಲದವರು. ನಾಲ್ಕೈದು ಕೊಡದವರು ಅವರ ಮುಂದೆ ಸಾಲು ತುಂಬಿಬಿಡುತ್ತಾರೆ. ಒಂದು ಕೊಡದವರ ಸರದಿ ಬರುವಾಗ ನಲ್ಲಿ ನಿಂತಿರುತ್ತದೆ. ಸರಾಸರಿ ಕೇಳಿದರೆ ಚೇರಿಯಲ್ಲಿ ಮನೆಗೆ ಒಂದು ಕೊಡಕ್ಕಿಂತ ಹೆಚ್ಚೇ ನೀರು ಸಿಗುತ್ತದೆ. ಒಂದು ಕೊಡವೂ ಕಾಣದ ಮನೆಗಳು ಸರಾಸರಿಯ ಹಿಂದೆ ಕೂತಿವೆ. ಉಷಾ ಇದನ್ನು ನೋಡಿ, ಸರಾಸರಿ ಯಾತಕ್ಕೆ ಸಾಲದು ಅಂತ ಈಗ ಗೊತ್ತಾಯಿತು ಮ್ಯಾಡಮ್ ಎಂದಳು. ನನಗೆ ಇಷ್ಟು ಸಾಕು.

ಏಳನೆಯ ಪುಟವನ್ನು ತೆಗೆಯುವುದಿಲ್ಲ. ಅದನ್ನು ಮೊದಲನೆಯ ಪುಟ ಮಾಡುತ್ತೇವೆ.

ನೀರಜಾ

ಮಾಟುಂಗಾ, ಮುಂಬಯಿ
೭ ಮಾರ್ಚ್ ೧೯೮೩

ಚಿ. ನೀರಜಾ,

ನಿನ್ನ ಅಜ್ಜನದೇ ಹಠ ನಿನ್ನದು. ತಪ್ಪನ್ನು ಹಣೆಗೆ ಅಂಟಿಸಿಕೊಂಡು ಸಮಿತಿಯ ಮುಂದೆ ಹೋಗುವವರನ್ನು ನಾನು ನೋಡಿಲ್ಲ. ನನಗೆ ನಿದ್ದೆ ಬರುತ್ತಿಲ್ಲ. ಕೆಲಸ ಹೋದರೆ ಅಳುತ್ತ ಕೂರಬೇಡ. ಇಲ್ಲಿಗೆ ಬಾ, ನನ್ನ ಪಕ್ಕದಲ್ಲಿ ಒಂದು ಮೇಜು ಖಾಲಿ ಇದೆ.

ಬದರಿನಾಥ

ಟಿ. ನಗರ, ಮದರಾಸು
೨೯ ಮಾರ್ಚ್ ೧೯೮೩

ಪ್ರೀತಿಯ ಮಾಮಾ,

ಮೇಜನ್ನು ಖಾಲಿಯೇ ಇಟ್ಟಿರಿ, ಸದ್ಯಕ್ಕೆ ಬೇಡ.

ನಿನ್ನೆ ಸಮಿತಿ ಸೇರಿತ್ತು. ವಾಸಂತಿ ಎದ್ದು ನಿಂತಳು. ಇಸ್ತ್ರಿ ಮಾಡಿದ ಹಳೆಯ ನೀಲಿ ದಾವಣಿ. ಇಂಗ್ಲಿಷಿನಲ್ಲಿ ಶುರುಮಾಡಿ ಒಂದು ವಾಕ್ಯದ ಮೇಲೆ ನಿಂತುಬಿಟ್ಟಳು. ಪ್ರಿನ್ಸಿಪಾಲರು ತಮಿಳಿನಲ್ಲೇ ಹೇಳಮ್ಮ ಎಂದರು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಮೊದಲು ನಾವು ಮಾಡಿದ ತಪ್ಪನ್ನು ಹೇಳಿದಳು. ಕೊಡ ಎಣಿಸಿದ್ದು, ಯಾಕೆ ಎಣಿಸಿದ್ದು, ಹೇಗೆ ಗೊತ್ತಾದದ್ದು, ಆಮೇಲೆ ಏನು ಕಂಡದ್ದು, ಎಲ್ಲವನ್ನೂ. ಸಭೆಯಲ್ಲಿ ಯಾರೋ ನಕ್ಕರು. ಅವಳು ನಿಂತು, ನಿಮ್ಮ ಮನೆ ಕೊಡವೂ ಇವತ್ತು ಎಲ್ಲೋ ಸಾಲಿನಲ್ಲಿ ಇರಬಹುದು ಸರ್ ಎಂದಳು.

ಸೀತಾರಾಮ್ ಸರ್ ಕನ್ನಡಕ ತೆಗೆದು ಕೇಳಿದರು: "ಈ ತಪ್ಪನ್ನು ನಮ್ಮ ವಿಭಾಗದಲ್ಲಿ ಯಾರೂ ಹಿಡಿಯಲಿಲ್ಲ. ನಿಮಗೆ ಹಿಡಿದುಕೊಟ್ಟವರು ಯಾರು?"

"ಬೊಂಬಾಯಿ ಮಾಮಾ, ಸರ್" ಎಂದಳು. ನನ್ನ ಕ್ಲಾಸಿನಲ್ಲಿ ನಿಮಗೆ ಅದೇ ಹೆಸರು.

ನಲ್ಲಿ ಇನ್ನೆರಡು ಕೇಳಲಿಲ್ಲ. ನೀರು ಬಿಡುವ ಮೊದಲ ಸುತ್ತಿನಲ್ಲಿ ಮನೆಗೆ ಒಂದೇ ಕೊಡ, ಆಮೇಲೆ ಉಳಿದವು, ಎಂದು ಚೇರಿಯ ಹೆಂಗಸರೇ ಕೂತು ಒಪ್ಪಿದ್ದರು. ಕುಪ್ಪಮ್ಮಾಳ್ ಎರಡು ದಿನ ಜಗಳವಾಡಿ ಒಪ್ಪಿದ್ದು. ಅದಕ್ಕೆ ನೀರು ಬಿಡುವ ಸಮಯ ಮೊದಲೇ ಗೊತ್ತಿರಬೇಕು, ದಿನಾ ಅದೇ ಹೊತ್ತಿಗೆ ಬರಬೇಕು. ಕೇಳಿದ್ದು ಇಷ್ಟನ್ನೇ. ಎಂಜಿನಿಯರು ಬರೆದುಕೊಂಡು, ಇದು ಕೈಲಾಗುವ ಮಾತು ಎಂದರು.

ನನ್ನ ವಿಷಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ತೀರ್ಮಾನವಾಗುತ್ತದೆ. ಆದರೆ ನಿನ್ನೆ ಆ ಹುಡುಗಿ ಮಾತಾಡಿದ್ದನ್ನು ಕೇಳಿದ ಮೇಲೆ, ಏನಾದರೂ ಆಗಲಿ ಎನ್ನಿಸಿಬಿಟ್ಟಿದೆ.

ನೀರಜಾ

ಮಾಟುಂಗಾ, ಮುಂಬಯಿ
೧೭ ಜುಲೈ ೧೯೮೩

ಚಿ. ನೀರಜಾಗೆ,

ಜಯಕ್ಕನ ಕಾರ್ಡು ಬಂತು. ನಿನ್ನ ಕ್ಲಾಸಿನಲ್ಲಿ ಒಬ್ಬಳೂ ನಪಾಸಾಗಲಿಲ್ಲವಂತೆ, ನಿನ್ನ ಕೆಲಸ ಕಾಯಂ ಆಯಿತಂತೆ, ಸೀತಾರಾಮ್ ತಾವೇ ಈ ವರ್ಷ ಶನಿವಾರಗಳಂದು ನಿಮ್ಮ ಜೊತೆ ಬರುತ್ತಾರಂತೆ. ನೀನು ಬರೆಯಲಿಲ್ಲ, ಬರೆಯದಷ್ಟು ಕೆಲಸ ಎಂದುಕೊಂಡೆ. ನನಗೆ ಎಷ್ಟು ಹೆಮ್ಮೆಯಾಯಿತೆಂದು ಈ ವಯಸ್ಸಿನಲ್ಲಿ ಬರೆಯಲು ನಾಚಿಕೆ. ಆದರೂ ಬರೆದಿದ್ದೇನೆ, ಓದಿಕೋ.

ಸೆಪ್ಟೆಂಬರಿನ ಪತ್ರ ಯಾಕೆ ವಾಪಸು ಬರಲಿಲ್ಲ ಎಂದು ನೀನು ಕೇಳಿದ್ದೆ. ಬೀಗದ ಮನೆಯ ಆ ಪತ್ರವನ್ನು ಊಟದ ಹೊತ್ತಿನಲ್ಲಿ ನಮ್ಮ ಹುಡುಗರಿಗೆ ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ನಿನ್ನ ಪತ್ರವನ್ನೆಲ್ಲ ಕೇಳುತ್ತ ಹೋದರು. ಅವು ಈಗ ಒಂದು ಫೈಲಿನಲ್ಲಿ ನನ್ನ ಮೇಜಿನ ಮೇಲೆ ಇವೆ, ವಾಪಸು ಸಿಗುವುದಿಲ್ಲ.

ಅದರಿಂದ ಆದ ತೊಂದರೆ ಕೇಳು. ಸತ್ತವರ ಮನೆಯವರು ವಿಮೆಯ ಹಣಕ್ಕೆ ಅರ್ಜಿ ಹಾಕಲು ಯಾಕೆ ಇಷ್ಟು ತಡಮಾಡುತ್ತಾರೆ ಎಂಬುದು ನಮ್ಮಲ್ಲಿ ಹಳೆಯ ಪ್ರಶ್ನೆ. ಜನಕ್ಕೆ ಅಸಡ್ಡೆ ಎಂದು ನಾನೇ ಒಂದು ಟಿಪ್ಪಣಿ ಬರೆದಿದ್ದೆ. ಒಬ್ಬ ಹುಡುಗ, ಕಿಟ್ಟಣ್ಣ ಅಂತ, ಧಾರವಾಡದವನು, ಹೋಗಿ ಕೇಳೋಣ ಸರ್, ಅರ್ಜಿ ತುಂಬಲು ಸಹಾಯವನ್ನೂ ಮಾಡೋಣ ಎಂದ. ರಜೆಯ ದಿನಗಳಲ್ಲಿ ಅವರು ಹೋದರು. ನನ್ನನ್ನೂ ಎಳೆದುಕೊಂಡು ಹೋದರು.

ಪರೇಲಿನ ಒಂದು ಚಾಳಿನಲ್ಲಿ ಒಬ್ಬ ಹೆಂಗಸು. ಗಿರಣಿಯಲ್ಲಿದ್ದ ಗಂಡ ತೀರಿಕೊಂಡು ವರ್ಷವಾಗಿದೆ. ನಾವು ಕಳಿಸಿದ ಕಾಗದವನ್ನು ದೇವರ ಪಟದ ಹಿಂದೆ ಬಚ್ಚಿಟ್ಟಿದ್ದಳು. ಇಂಗ್ಲಿಷಿನಲ್ಲಿತ್ತು, ಮೇಲೆ ಮೊಹರಿತ್ತು. ಗಂಡ ಮಾಡಿದ ಯಾವುದೋ ಸಾಲಕ್ಕೆ ನೋಟೀಸು ಎಂದುಕೊಂಡಿದ್ದಳಂತೆ. ಪಾಪ, ಹಣ ಕೊಡುತ್ತೇವೆ ಎಂದು ಬರೆದ ಕಾಗದಕ್ಕೆ ವರ್ಷವಿಡೀ ಹೆದರಿಕೊಂಡು ಬದುಕಿದ್ದಾಳೆ. ಅಸಡ್ಡೆಯಂತೆ ಅಸಡ್ಡೆ! ನನ್ನ ಟಿಪ್ಪಣಿಯನ್ನು ವಾಪಸು ತೆಗೆದುಕೊಂಡೆ.

ನಾವು ಹೋದ ಮನೆಗಳ ಲೆಕ್ಕವನ್ನು ಐದು ಹಾಳೆಯಲ್ಲಿ ನಾನೇ ಬರೆದಿದ್ದೇನೆ, ಕಳಿಸುತ್ತಿದ್ದೇನೆ. ಜೊತೆಗೆ ಕೆಂಪು ಪೆನ್ಸಿಲ್ಲೂ ಇದೆ. ಮನೆಯಲ್ಲಿ ಇದೊಂದೇ ಇರುವುದು, ಕಳೆಯಬೇಡ. ತಪ್ಪಿದ್ದಲ್ಲಿ ಸುತ್ತು ಹಾಕಿ ಕಳಿಸು.

ಬದರಿನಾಥ

ಟಿ. ನಗರ, ಮದರಾಸು
೩೧ ಜುಲೈ ೧೯೮೩

ನನ್ನ ಬದರಿ ಮಾಮನಿಗೆ,

ಐದು ಹಾಳೆಗಳನ್ನೂ ತಿದ್ದಿ ಕಳಿಸಿದ್ದೇನೆ. ನಾನು ಕೆಂಪು ಪೆನ್ಸಿಲ್ ಹಿಡಿದು ಕೂತದ್ದನ್ನು ನೋಡಿ ಅಮ್ಮ ನಕ್ಕಳು. ಕೂಡಿದ್ದು ಭಾಗಿಸಿದ್ದು ಎಲ್ಲ ಸರಿ ಇದೆ, ಅದು ನಿಮ್ಮಿಂದ ತಪ್ಪುವುದುಂಟೇ.

ಒಂದೇ ಒಂದು ಸುತ್ತು ಹಾಕಿದ್ದೇನೆ, ನಾಲ್ಕನೆಯ ಹಾಳೆಯಲ್ಲಿ. ಪರೇಲಿನ ಆ ಹೆಂಗಸಿನ ಮನೆ ಎರಡು ಕಡೆ ಇದೆ, ಬೇರೆ ಬೇರೆ ತಾರೀಖಿನಲ್ಲಿ. ಎರಡನೆಯ ಸಲ ಆಫೀಸಿನ ಹುಡುಗರ ಹೆಸರಿಲ್ಲ, ನಿಮ್ಮ ಹೆಸರು ಮಾತ್ರ ಇದೆ. ಒಂದೇ ಮನೆಗೆ ಎರಡು ಸಲ ಹೋಗಿ, ಎರಡು ಮನೆ ಎಂದು ಎಣಿಸಿದ್ದೀರಿ. ಕೊಡ ಎಣಿಸಿದ ನಮ್ಮ ತಪ್ಪೇ ಇದು ಮಾಮಾ, ನೀವೇ ಹಿಡಿದುಕೊಟ್ಟದ್ದು.

ಯಾಕೆ ಮತ್ತೆ ಹೋದಿರಿ ಎಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಮೊತ್ತದಲ್ಲಿ ಒಂದು ಕಡಿಮೆ ಮಾಡಿದ್ದೇನೆ. ಆ ಸಾಲನ್ನು ಮಾತ್ರ ಹೊಡೆದುಹಾಕಿಲ್ಲ. ಈ ವರ್ಷದ ಹೊಸ ಹುಡುಗಿಯರು ಸೋಮವಾರ ಬರುತ್ತಾರೆ, ಮೊದಲ ಪಾಠಕ್ಕೆ ಈ ಹಾಳೆಯನ್ನು ನಕಲು ಮಾಡಿಸಿಟ್ಟಿದ್ದೇನೆ. ಇದನ್ನು ಬರೆದವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ನನಗೆ ಲೆಕ್ಕ ಕಲಿಸಿದವರು ಎಂದು ಹೇಳುತ್ತೇನೆ.

ನಿಮ್ಮ
ನೀರಜಾ